ಟಾಲಿವೆಯ ಮತಕ್ಕೆ ಒಂದು ಸಹಿ ಬಾಕಿ

ಭೂಮಂಡಲವನ್ನೆಲ್ಲ ಹದ್ದುಬಸ್ತಿನಲ್ಲಿಡುವ ಹೊಣೆ ವಾಷಿಂಗ್ಟನ್ನಿನ ನಮ್ಮ ಹೆಗಲ ಮೇಲಿದೆ. ಹೊರಿಸಿದವರು ಯಾರು ಎಂದು ಕೇಳಬೇಡಿ, ಅದನ್ನು ಕೇಳುವ ವಿಭಾಗ ನಮ್ಮಲ್ಲಿಲ್ಲ. ಈ ಹೊಣೆಯಲ್ಲಿ ನಮ್ಮ ವಿದೇಶಾಂಗ ಇಲಾಖೆಯ ಅಧಿಕಾರಿ ಎಲ್ಡನ್ ವಿಟ್ಕಮ್‌ನ ಪಾಲಿಗೆ ಬಂದದ್ದು ಟಾಲಿವೆ ಎಂಬ ಪುಟ್ಟ ದ್ವೀಪದೇಶ. ಕಚೇರಿಯ ನಕ್ಷೆಯಲ್ಲಿ ಯಾರೋ ಅದರ ಮೇಲೆ ಗುಂಡುಸೂಜಿ ಚುಚ್ಚಿದ್ದರಿಂದ ದೇಶವೇ ಕಾಣುತ್ತಿರಲಿಲ್ಲ.

ಆ ವಾರ ನಮ್ಮ ಹೊಸ ಯುದ್ಧಕ್ಕೆ ವಿಶ್ವಸಂಸ್ಥೆಯಲ್ಲಿ ಮತ ಬೇಕಿತ್ತು. ಟಾಲಿವೆಯ ಮತ ತಂದರೆ ಎಲ್ಡನ್‌ಗೆ ರೋಮ್‌ಗೆ ವರ್ಗ. ತರದಿದ್ದರೆ ಆ ಗುಂಡುಸೂಜಿಯ ಎದುರೇ ನಿವೃತ್ತಿ.

ಟಾಲಿವೆಯ ರಾಯಭಾರಿ ಸಿನಾಲೆ ನಮ್ಮ ಕ್ಯಾಂಟೀನಿನ ಸಪ್ಪೆ ಸೂಪು ಕಲಕುತ್ತ ಒಂದೇ ಮಾತು ಹೇಳಿದರು.

"ನಿಮ್ಮ ತಾತಂದಿರು ಬಿಟ್ಟುಹೋದ ಬಾಂಬುಗಳು ನಮ್ಮ ಶಾಲೆ ಮೈದಾನದಲ್ಲಿ ಇನ್ನೂ ಹೂತಿವೆ, ಎಲ್ಡನ್. ಮಕ್ಕಳು ಹಗ್ಗ ಕಟ್ಟಿರೋ ಮೂಲೇಲಷ್ಟೇ ಆಡ್ಬೇಕು. ಅವನ್ನ ತೆಗೆಸಿಕೊಡಿ, ಮತ ತಗೊಳ್ಳಿ."

"ಅಷ್ಟೇನಾ ಮೇಡಂ? ಆಯ್ತು ಅಂತಲೇ ತಿಳ್ಕೊಳ್ಳಿ!"

ಆದರೆ ನಮ್ಮಲ್ಲೊಂದು ಸಂಪ್ರದಾಯವಿದೆ. ಹೊರದೇಶದವರಿಗೆ ಹೇಳುವ ಪ್ರತಿ ಮಾತಿಗೂ ಎಲ್ಲ ವಿಭಾಗಗಳ ಸಹಿ ಬೀಳಬೇಕು. 'ನಿಮ್ಮ ನೆಲದಲ್ಲಿರುವ ನಮ್ಮ ಬಾಂಬು ತೆಗೆಯುತ್ತೇವೆ' ಎಂದು ಎಲ್ಡನ್ ಬರೆದ. ಕಾನೂನಿನವರು 'ತೆಗೆಯುತ್ತೇವೆ' ಎಂಬುದನ್ನು ಹೊಡೆದುಹಾಕಿದರು. ಒಬ್ಬರಿಗೆ ತೆಗೆದುಕೊಟ್ಟರೆ ಜಗತ್ತಿಗೆಲ್ಲ ತೆಗೆಯಬೇಕಾದೀತು. ಸೇನೆಯ ಕಡೆಯವರು 'ಬಾಂಬು' ಅಳಿಸಿದರು. ನಮ್ಮ ಬಾಂಬು ಸಿಡಿಯದೆ ಉಳಿಯಿತೆಂದರೆ ಮರ್ಯಾದೆ ಏನಾಗಬೇಕು? ಕೊನೆಗೆ ಎಲ್ಲರೂ ಒಪ್ಪಿ ಸಹಿ ಹಾಕಿದ್ದು ಇದಕ್ಕೆ: 'ನಿಮ್ಮ ನೆಲದ ಆಳದಲ್ಲಿ ನಮ್ಮ ಸ್ನೇಹ ಸುರಕ್ಷಿತವಾಗಿದೆ.'

ಎಲ್ಡನ್ ಅದನ್ನೇ ಸಿನಾಲೆಯವರ ಮುಂದೆ ಓದಿದ. ಓದುತ್ತಿದ್ದಂತೆ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೂ ಕೊನೆಯವರೆಗೂ ಓದಿದ, ರೋಮ್ ಎಂದರೆ ರೋಮ್.

"ಚೆನ್ನಾಗಿದೆ" ಎಂದರು ಸಿನಾಲೆ. "ನಾವೂ ಉತ್ತರ ಕೊಡ್ತೀವಿ."

ಮತದಾನದ ಬೆಳಿಗ್ಗೆ ಎಲ್ಡನ್ ಫೋನು ಮಾಡಿದ. "ಮೇಡಂ, ಎಲ್ಲಿದೀರಾ? ಮತ ಹಾಕೋ ಹೊತ್ತಾಯ್ತು!"

"ಉತ್ತರ ಸಿದ್ಧವಾಗಿದೆ ಎಲ್ಡನ್. ನಿಮ್ಮಿಂದಲೇ ಕಲಿತ್ವಿ ನೋಡಿ, ಎಲ್ಲರ ಸಹಿ ತಗೋತಿದೀವಿ. ಮೀನುಗಾರಿಕೆಯವರದ್ದಾಯ್ತು, ಚರ್ಚಿನವರದ್ದಾಯ್ತು. ಶಾಲೆ ಹೆಡ್‌ಮೇಡಂದು ಒಂದು ಬಾಕಿ. ಪಾಪ, ಮೈದಾನ ದಾಟಿ ಬರಬೇಕಲ್ಲ. ಹೆಜ್ಜೆ ನೋಡ್ಕೊಂಡು ಬರ್ತಿದಾರೆ."

ಟಾಲಿವೆಯ ಕುರ್ಚಿ ಕೊನೆಯವರೆಗೂ ಖಾಲಿಯೇ ಉಳಿಯಿತು.

"ಒಂದು ಬೊಗಸೆ ಮರಳು! ಅದು ನಮಗೇ ಕೈ ಕೊಡ್ತಾ?" ಎಂದು ಮೇಲಧಿಕಾರಿ ಗ್ರಾಂಟ್ಲಿ ಕೂಗಾಡಿದ.

"ಇಲ್ಲ ಸಾರ್. ಥೇಟ್ ನಮ್ಮ ಥರಾನೇ ಕೆಲಸ ಮಾಡಿದಾರೆ" ಎಂದ ಎಲ್ಡನ್. ರೋಮ್ ಅಲ್ಲಿಗೆ ಮುಗಿಯಿತು.

ತನ್ನ ಕೋಣೆಗೆ ಬಂದು ಅವನು ನಕ್ಷೆಯ ಗುಂಡುಸೂಜಿ ಕಿತ್ತ. ಟಾಲಿವೆ ಇದ್ದ ಜಾಗದಲ್ಲಿ ಸಣ್ಣ ತೂತು. ಹಗ್ಗದ ಮೂಲೆಯಲ್ಲಿ ಆಡುವ ಮಕ್ಕಳು ನೆನಪಾದರು. ಏನನ್ನೂ ಬರೆಯದೆ, ಯಾರನ್ನೂ ಕೇಳದೆ, ಬಾಂಬು ತೆಗೆಯುವ ದಳಕ್ಕೆ ನೇರವಾಗಿ ಫೋನು ಮಾಡಿದ.

"ಟಾಲಿವೆಗೆ ಜನ ಕಳಿಸಿ. ಇವತ್ತೇ."

"ಧಾರಾಳವಾಗಿ ಕಳಿಸೋಣ ಸಾರ್" ಎಂದಿತು ಆ ಕಡೆಯ ಧ್ವನಿ, ಬಲು ವಿನಯದಿಂದ. "ಎಲ್ಲರ ಸಹಿ ಆಗಿದೆ ತಾನೇ?"