ಕ್ಯಾಲೆಂಡರಿನ ಕೆಂಪು ಲಂಗ

ಜನವರಿಯ ಹಾಳೆಯಲ್ಲಿ ಸಬಿನಾ ಲಿಮಾಚಿ ಕೆಂಪು ಲಂಗ ಉಟ್ಟು ನಿಂತಿದ್ದಳು. ಬೆನ್ನಮೇಲೆ ಜೊಂಡಿನ ಹೊರೆ, ಹಿಂದೆ ತಿತಿಕಾಕಾ ಸರೋವರದ ನೀಲಿ ನೀರು, ಅದರಾಚೆ ಇಲ್ಯಾಂಪು ಬೆಟ್ಟದ ಹಿಮ. ಕೆಂಪೆಂದರೆ ಅಂತಿಂಥ ಕೆಂಪಲ್ಲ, ಮದುವೆಯಲ್ಲಿ ಕುಣಿಯಲು ಹೊರಟವಳ ಕೆಂಪು. ಹೆಗಲಿನ ಹೊದಿಕೆಯೂ ಅದೇ ಬಣ್ಣ. ಅವಳ ಗಂಡ ಇಲಾರಿಯೋ ಯುಹ್ರಾ, ಮೀನು ಹಿಡಿಯಲು ಹೋದವನು, ಗಾಳಿಗೆ ದೋಣಿ ಮಗುಚಿ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ.

ಕ್ಯಾಲೆಂಡರನ್ನು ಹಾಂಕೊಕಾಲ ಎಂಬ ಆ ಊರಿಗೆ ತಂದವನು ಲಾ ಪಾಸ್ ಬಸ್ಸಿನ ಡ್ರೈವರು. ಪೇಟೆಯ ಯಾವುದೋ ಪ್ರವಾಸದ ಕಂಪನಿ ಪುಕ್ಕಟೆ ಹಂಚಿದ್ದಂತೆ. ನಮ್ಮೂರ ಹೆಂಗಸು ಎಂಬ ಅಭಿಮಾನದಿಂದಲೇ ಪಾಪ ಅದನ್ನು ಊರಿನ ಅಂಗಡಿಯ ಗೋಡೆಗೆ ನೇತುಹಾಕಿ ಹೋದ. ಹೊತ್ತು ಮುಳುಗುವಷ್ಟರಲ್ಲಿ ಊರಿಗೆ ಊರೇ ಅಂಗಡಿಗೆ ಬಂದು ಹೋಯಿತು. ಮನೆಯಲ್ಲಿ ಉಪ್ಪಿದ್ದವರೂ ಉಪ್ಪು ಕೊಂಡರು.

ಗಂಡ ಸತ್ತವಳಿಗೆ ವರ್ಷವಿಡೀ ಕರಿ ಲಂಗ, ಕರಿ ಹೊದಿಕೆ, ಕರಿ ಟೋಪಿ. ವರ್ಷ ತುಂಬಿದ ದಿನ ಗಂಡನ ಮನೆಯವರು ಬಂದು ತಮ್ಮ ಕೈಯಾರೆ ಆ ಕಪ್ಪನ್ನು ಬಿಚ್ಚುತ್ತಾರೆ, ಬಣ್ಣದ ಲಂಗ ಉಡಿಸುತ್ತಾರೆ, ಅವಳ ಜೊತೆ ಕುಣಿಯುತ್ತಾರೆ. ಆಮೇಲೆಯೇ ಸತ್ತವನು ನೆಮ್ಮದಿಯಾಗಿ ಹೊರಡುವುದು. ಅದಕ್ಕೆ ಮೊದಲೇ ಹೆಂಡತಿ ತಾನಾಗಿ ಕಪ್ಪು ಬಿಚ್ಚಿದರೆ ಗಂಡನನ್ನು ಕತ್ತು ಹಿಡಿದು ಹೊರಗೆ ದಬ್ಬಿದ ಹಾಗೆ. ಅಂಥವಳನ್ನು ಆ ಮನೆಯವರು ಸೊಸೆ ಎನ್ನುವುದಿಲ್ಲ.

ಸಬಿನಾ ಬಿಚ್ಚಿರಲಿಲ್ಲ. ಒಂದು ದಿನ, ಒಂದು ಗಳಿಗೆಯೂ ಬಿಚ್ಚಿರಲಿಲ್ಲ. ಆಗಸ್ಟಿನಲ್ಲಿ ಅವಳು ಜೊಂಡು ಕೊಯ್ದು ದಡಕ್ಕೆ ಬರುವಾಗ ಎದ್ವಿನ್ ಎಂಬ ಪೇಟೆಯವನು ಕ್ಯಾಮೆರಾ ಹಿಡಿದು ಅಡ್ಡ ನಿಂತಿದ್ದ. ನನ್ನಜ್ಜಿಯೂ ಈ ಕಡೆಯವಳೇ ಎಂದು ಹರಕುಮುರುಕು ಆಯ್ಮಾರಾ ಭಾಷೆಯಲ್ಲಿ ಹಲ್ಲುಗಿಂಜಿದ. ನಾನು ಸೂತಕದ ಬಟ್ಟೆಯಲ್ಲಿದ್ದೇನೆ, ಬೇಡ ಎಂದಳು. ಒಂದು ಪ್ರತಿ ನಿಮಗೂ ಕಳಿಸುತ್ತೇನೆ ಎಂದ. ಆ ಮಾತಿಗೆ ಅವಳು ಕರಗಿದಳು. ವರ್ಷದ ದಿನ ಅದನ್ನು ಇಲಾರಿಯೋನ ಗೋರಿಯ ಮೇಲಿಡಬಹುದು, ತಾನು ಹೇಗೆ ಕಪ್ಪು ಹೊತ್ತೆನೆಂದು ಅವನೂ ನೋಡಲಿ ಎನಿಸಿತು. ನಿಂತಳು. ಕಪ್ಪು ಉಟ್ಟು ನಿಂತಳು. ಪ್ರತಿ ಬರಲಿಲ್ಲ, ಬಂದದ್ದು ಈ ಕೆಂಪು.

ಅವಳು ಅಂಗಡಿಯಲ್ಲೇ ಗಂಟಲು ಹರಿಯುವಂತೆ ಹೇಳಿದಳು, ಇದು ಸುಳ್ಳು ಎಂದು. ಯಾರೂ ಕೇಳಲಿಲ್ಲ. ಮೊಬೈಲು ಇನ್ನೂ ಊರಿಗೆ ಬಂದಿರದ ಕಾಲ ಅದು. ಚಿತ್ರ ಬಿಡಿಸುವವನು ಬೇಕಾದ ಬಣ್ಣ ಬಳಿಯಬಹುದು, ಫೋಟೋ ಎದುರಿಗಿದ್ದದ್ದನ್ನೇ ತಾನೇ ಹಿಡಿಯುವುದು ಎಂದು ಅಂಗಡಿಯವನು ಬುದ್ಧಿ ಹೇಳಿದ. ಅವಳಿಗೆ ಕೆಂಪು ಹೊದಿಕೆಯೇ ಇಲ್ಲವಲ್ಲ ಎಂದು ಯೋಚಿಸುವಷ್ಟು ವ್ಯವಧಾನ ಒಬ್ಬರಿಗೂ ಇರಲಿಲ್ಲ. ಎರವಲು ತಂದಿರುತ್ತಾಳೆ ಎಂದುಕೊಂಡರೆ ಮುಗಿಯಿತು.

ಅತ್ತೆ ಕಸಿಮಿರಾ ಮನೆಯ ಮುಂದೆ ಹುರುಳಿಕಾಯಿ ಸುಲಿಯುತ್ತ ಕೂತಿದ್ದಳು. ಸಬಿನಾ ಓಡಿ ಬಂದು ಎಲ್ಲ ಹೇಳಿಕೊಂಡಳು, ಅತ್ತಳು, ಗಂಡನ ಹೆಸರಿನ ಮೇಲೆ ಆಣೆಯಿಟ್ಟಳು. ಮುದುಕಿ ತಲೆಯೆತ್ತಲಿಲ್ಲ.

"ಪೇಟೆಯವ್ನಿಗೆ ಸುಳ್ಳು ಹೇಳಿ ಏನಾಗ್ಬೇಕಾಗಿದೆ?" ಎಂದಳು. "ಆಗ್ಬೇಕಾಗಿರೋದು ನಿಂಗೆ. ವರ್ಷದ ದಿನ ನಮ್ಮನ್ನ ಕಾಯ್ಬೇಡ. ಬಿಚ್ಚಿಯಾದ್ಮೇಲೆ ನಾವು ಬಂದು ಬಿಚ್ಚೋದೇನು?"

ಮನೆ ಬೇರೆಯಾದರೂ ಹದಿನಾಲ್ಕು ವರ್ಷ ಒಂದೇ ಒಲೆಯ ಅಡುಗೆ ಉಂಡವರು. ಮುದುಕಿಗೆ ಜ್ವರ ಬಂದಾಗ ಕಾಲೊತ್ತಿದವಳು ಈ ಸೊಸೆ. ಇಲಾರಿಯೋನ ದೇಹ ದಡಕ್ಕೆ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಅದನ್ನು ತೊಳೆದಿದ್ದರು. ಅದೆಲ್ಲ ಒಂದು ಕಾಗದದ ಹಾಳೆಗೆ ಸಮವಾಗಲಿಲ್ಲ. ನಂಬಿಕೆ ಎಂಬುದು ಇಷ್ಟು ಅಗ್ಗವೇ?

ಅದೇ ವಾರ ಆಲಿಕಲ್ಲು ಬಿತ್ತು. ಆಲೂಗಡ್ಡೆ ಹೂ ಬಿಡುವ ಹೊತ್ತು. ದಡದ ಹೊಲಗಳೆಲ್ಲ ಗಿಡ ಮುರಿದು ಮಲಗಿದವು. ಆಲಿಕಲ್ಲು ಸುಮ್ಮನೆ ಬೀಳುವುದಿಲ್ಲ, ಊರಿನಲ್ಲಿ ಯಾರೋ ತಪ್ಪು ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ. ಬೇರೆ ವರ್ಷಗಳಲ್ಲಾದರೆ ತಪ್ಪು ಹುಡುಕಲು ಸಭೆ ಸೇರಬೇಕಿತ್ತು. ಈ ಸಲ ತಪ್ಪು ಅಂಗಡಿಯ ಗೋಡೆಯ ಮೇಲೆ, ಬಣ್ಣಬಣ್ಣವಾಗಿ, ಮೊಳೆಗೆ ನೇತಾಡುತ್ತಿತ್ತು. ಆ ವರ್ಷದ ಊರ ಯಜಮಾನ ನಿಕಾನೋರ್ ಕಲಿಸಾಯಾ ಹೆಗಲಿಗೆ ಅಧಿಕಾರದ ಚಾವಟಿ ಸುತ್ತಿಕೊಂಡು ಸಬಿನಾಳ ಅಂಗಳಕ್ಕೆ ಬಂದ. ಬೆಟ್ಟದ ತುದಿಗೆ ಹೋಗಿ, ಊರು ಕಾಯುವ ಬೆಟ್ಟದೈವಗಳಾದ ಅಜ್ಜಂದಿರ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಂಡುಬಿಡು, ಎಲ್ಲ ಮರೆತುಬಿಡುತ್ತೇವೆ ಎಂದು ಮೃದುವಾಗಿಯೇ ಹೇಳಿದ. ಆ ಮೃದುತನ ಅವಳಿಗೆ ಚಾವಟಿಗಿಂತ ಹೆಚ್ಚು ಚುರುಗುಟ್ಟಿತು. ಮಾಡದ ತಪ್ಪನ್ನು ಒಪ್ಪಿಕೊಂಡರೆ ಅಜ್ಜಂದಿರಿಗೆ ಸುಳ್ಳು ಹೇಳಿದ ಹಾಗಾಗುತ್ತದೆ, ಆಗ ನಿಜವಾಗಿಯೂ ಆಲಿಕಲ್ಲು ಬೀಳುತ್ತದೆ ಎಂದು ಅವಳು ಅವನ ಮುಖಕ್ಕೇ ಹೇಳಿ ಬಾಗಿಲು ಹಾಕಿಕೊಂಡಳು.

ಫೆಬ್ರವರಿಯಲ್ಲಿ, ಬೆಳೆಯ ಹಬ್ಬವಾದ ಅನಾತಾಕ್ಕೆ ಊರೆಲ್ಲ ಹೊಲದಲ್ಲಿ ಸೇರಿತು. ಉಳಿದ ಗಿಡಗಳಿಗೆ ಬಣ್ಣದ ಕಾಗದ ಕಟ್ಟಿ, ಹೂ ಎರಚಿ, ಕೊಳಲು ಊದಿದರು. ಆಮೇಲೆ ಹೆಂಗಸರು ತಂತಮ್ಮ ಬುತ್ತಿಯ ಬಟ್ಟೆಗಳನ್ನು ಒಂದಕ್ಕೊಂದು ತಾಗಿಸಿ ಉದ್ದಕ್ಕೆ ಹಾಸಿ ತಂದದ್ದೆಲ್ಲ ಸುರಿದರು: ಬೇಯಿಸಿದ ಗೆಡ್ಡೆ, ಹುರಿದ ಮೀನು, ಕಿನುವಾ ಧಾನ್ಯದ ಕಡುಬು, ಹಿಮದಲ್ಲಿ ಒಣಗಿಸಿದ ಆಲೂಗಡ್ಡೆಯ ಚುನ್ಯೋ. ಅಲ್ಲಿ ಇದು ನನ್ನದು, ಅದು ನಿನ್ನದು ಎಂಬುದಿಲ್ಲ, ಎಲ್ಲರ ಕೈ ಎಲ್ಲ ಕಡೆ ಹೋಗುತ್ತದೆ. ಅಂದು ಎಲ್ಲ ಕಡೆ ಹೋದ ಕೈಗಳು ಸಬಿನಾಳ ಚುನ್ಯೋದ ಹತ್ತಿರ ಬಂದು ತಿರುಗಿದವು. ಯಾರೂ ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಪಕ್ಕದವಳು ಅವಳ ಬಟ್ಟೆಯನ್ನು ದಾಟಿ, ಅದರಾಚೆಯ ಮೀನಿಗೆ ಕೈ ಚಾಚಿದಳು, ಅಷ್ಟೇ. ಸಬಿನಾ ತನ್ನ ಅಡುಗೆಯನ್ನು ತಾನೇ ಒಂದೊಂದಾಗಿ ಬಾಯಿಗಿಟ್ಟುಕೊಂಡಳು.

ಆಗಲೇ ಹೊಲದ ಬದುವಿನ ಮೇಲೆ ಎದ್ವಿನ್ ಕಾಣಿಸಿಕೊಂಡ. ಹಬ್ಬದ ಬಣ್ಣ ಹಿಡಿಯಲು ಬಂದಿದ್ದ. ಬಗಲಲ್ಲಿ ಹಂಚಲು ಕ್ಯಾಲೆಂಡರಿನ ಸುರುಳಿಗಳು ಬೇರೆ. ಸಬಿನಾಳನ್ನು ಕಂಡವನೇ, ನೋಡಿದಿರಾ ಅಕ್ಕ, ನಿಮ್ಮನ್ನೇ ಮೊದಲ ತಿಂಗಳಿಗೆ ಹಾಕಿಸಿದೆ ಎಂದು ಮುಖವರಳಿಸಿದ. ಅವಳು ಎದ್ದು ಹೋಗಿ ಅವನ ಕೊರಳಲ್ಲಿದ್ದ ಕ್ಯಾಮೆರಾದ ಪಟ್ಟಿಗೆ ಕೈ ಹಾಕಿ, ಹಟಮಾರಿ ಲಾಮಾವನ್ನು ಎಳೆಯುವ ಹಾಗೆ ದರದರ ಎಳೆದು ತಂದು ಊಟದ ಬಟ್ಟೆಯ ಮುಂದೆ ನಿಲ್ಲಿಸಿದಳು.

"ಅವತ್ತು ನಾನು ಯಾವ ಬಣ್ಣ ಉಟ್ಟಿದ್ದೆ, ಹೇಳು."

"ಕಪ್ಪು," ಎಂದ ಎದ್ವಿನ್, ಅದರಲ್ಲೇನಿದೆ ಎನ್ನುವಂತೆ. "ಕಪ್ಪು ಎದ್ದು ಕಾಣ್ತಿರ್ಲಿಲ್ಲ ಅಕ್ಕ. ಆ ನೀಲಿ ನೀರಿಗೆ ಕೆಂಪೇ ಸರಿ. ಕ್ಯಾಲೆಂಡರ್ ತಗೊಳ್ಳೋರು ಗೋಡೆ ಮೇಲೆ ದುಃಖ ನೇತಾಕ್ಕೊಳ್ಳಲ್ಲ."

"ನನ್ನ ಗಂಡ ಸತ್ತಿದ್ದು ನಿನ್ನ ಗೋಡೆಗೆ ಒಪ್ಪಲಿಲ್ವಾ?"

ಮಾಡಿದ್ದನ್ನು ಇವರ ಕಣ್ಣೆದುರಿಗೆ ಮಾಡಿ ತೋರಿಸು ಎಂದಳು. ಅವನು ಚೀಲದಿಂದ ಮಡಚುವ ಕಂಪ್ಯೂಟರ್ ತೆಗೆದು ಮೊಣಕಾಲ ಮೇಲಿಟ್ಟ. ಜನ ಮುತ್ತಿಕೊಂಡರು. ಪರದೆಯ ಮೇಲೆ ಮೊದಲು ಬಂದವಳು ನಿಜವಾದ ಸಬಿನಾ, ಅಡಿಯಿಂದ ಮುಡಿಯವರೆಗೆ ಕಪ್ಪು, ಕಣ್ಣು ಬತ್ತಿದವಳು. ಬೆರಳು ನಾಲ್ಕು ಸಲ ಆಡಿಸಿದ, ಲಂಗಕ್ಕೆ ಕೆಂಪು ಹತ್ತಿತು. ಇನ್ನೊಮ್ಮೆ ಆಡಿಸಿದ, ಹೊದಿಕೆಗೂ ಹತ್ತಿತು.

ಎಲ್ಲರೂ ನಕ್ಕರು. ಹೌದು, ನಕ್ಕರು. ಅವಳ ಬದುಕನ್ನು ಹುರಿದು ಮುಕ್ಕಿದ ಮೋಸ ಅವರಿಗೆ ಸಂತೆಯ ಗಾರುಡಿಯಾಗಿ ಕಂಡಿತು. ನಂದು ಹಳದಿ ಮಾಡಪ್ಪ, ನನ್ನ ಕುರಿ ಹಸಿರು ಮಾಡು ಎಂದು ಮೇಲೆ ಬಿದ್ದರು. ಬೆಟ್ಟಕ್ಕೆ ಹೋಗಿ ಮಂಡಿಯೂರು ಎಂದಿದ್ದ ನಿಕಾನೋರ್ ಎಲ್ಲರಿಗಿಂತ ಮುಂದೆ ನಿಂತು ಫೋಟೋ ತೆಗೆಸಿಕೊಂಡು ತನ್ನ ಟೋಪಿಯನ್ನು ನೀಲಿ ಮಾಡಿಸಿಕೊಂಡ. ತಪ್ಪಾಯಿತು ಎಂಬ ಒಂದು ಮಾತು ಯಾರ ಬಾಯಿಂದಲೂ ಹೊರಡಲಿಲ್ಲ.

ಕಸಿಮಿರಾ ಮಾತ್ರ ನಗಲಿಲ್ಲ. ಪರದೆಯನ್ನು ಬಹಳ ಹೊತ್ತು ನೋಡಿ, "ಹಾಗಾದ್ರೆ ಕಪ್ಪೇ ಇತ್ತು," ಎಂದಳು. ಹೋಗಿ ಬಟ್ಟೆಯ ಮುಂದೆ ಕೂತು, ಸಬಿನಾಳ ಚುನ್ಯೋ ಒಂದನ್ನು ತೆಗೆದು ಬಾಯಿಗಿಟ್ಟಳು. ಅದನ್ನು ಕಂಡು ಮಿಕ್ಕವರ ಕೈಗಳೂ ಬಂದವು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಊರು ಅಂದುಕೊಂಡಿತು.

ಗದ್ದಲ ಕರಗಿದ ಮೇಲೆ ಎದ್ವಿನ್ ಮೆಲ್ಲಗೆ ಹತ್ತಿರ ಬಂದು, ಅಕ್ಕ, ಹೀಗೇ ನಿಲ್ಲಿ, ಈ ಸಿಟ್ಟು ಚೆನ್ನಾಗಿದೆ, ಈ ಸಲ ಕಪ್ಪನ್ನೇ ಉಳಿಸುತ್ತೇನೆ ಎಂದ. ಸಬಿನಾ ಬಗ್ಗಿ ಹೊಲದ ಕೆಸರು ತೆಗೆದು ಕ್ಯಾಮೆರಾದ ಗಾಜಿಗೆ ಮೆತ್ತಿದಳು. ಅವನು ಅಯ್ಯೋ ಎನ್ನುತ್ತಾ ಅಂಗಿಯ ತುದಿಯಿಂದ ಒರೆಸಿಕೊಂಡು ಬಸ್ಸಿನ ದಾರಿ ಹಿಡಿದ.

ಅವನ ಮೇಲಿನ ಸಿಟ್ಟು ಆ ಕೆಸರಿನೊಂದಿಗೇ ಮುಗಿಯಿತು. ಅವನು ಯಾರೋ, ಎಲ್ಲಿಯವನೋ. ಮುಗಿಯದೆ ಒಳಗೇ ಕುದಿದದ್ದು ಅತ್ತೆಯ ಮೇಲಿನ ಸಿಟ್ಟು. ಅತ್ತೆ ಮತ್ತೆ ಅವಳ ಮನೆಗೆ ಬಂದು ಹೋಗತೊಡಗಿದ್ದಳು, ಕುರಿಮರಿಯ ವಿಷಯ ಮಾತಾಡುತ್ತಿದ್ದಳು, ಏನೂ ಆಗಿಲ್ಲವೇನೋ ಎಂಬಂತೆ. ತಪ್ಪಾಯಿತು ಎಂಬ ಅದೊಂದು ಮಾತು ಇವತ್ತು ಬರಬಹುದು, ನಾಳೆ ಬರಬಹುದು ಎಂದು ಸಬಿನಾ ಕಾದಳು. ಬರಲಿಲ್ಲ.

ಏಪ್ರಿಲಿನಲ್ಲಿ ವರ್ಷ ತುಂಬಿತು. ಗೋರಿಗೆ ಹೋಗಿ ಬಂದು ಗಂಡನ ಕಡೆಯ ಯುಹ್ರಾ ಮನೆತನದವರೆಲ್ಲ, ಜೊತೆಗೆ ಊರ ಯಜಮಾನ ನಿಕಾನೋರನೂ, ಸಬಿನಾಳ ಅಂಗಳದಲ್ಲಿ ಸೇರಿದರು. ಡೋಲಿನವರು, ಕೊಳಲಿನವರು ಗೋಡೆಗೆ ಒರಗಿ ಕಾಯುತ್ತಿದ್ದರು. ಕಸಿಮಿರಾ ಹೊಸ ಹಸಿರು ಲಂಗವನ್ನು ತೋಳಿನ ಮೇಲೆ ಹಾಕಿಕೊಂಡು ಮುಂದೆ ಬಂದು, ಸೊಸೆಯ ಕರಿ ಹೊದಿಕೆಯ ಪಿನ್ನಿಗೆ ಕೈ ಹಾಕಿದಳು. ಇದೇ ಗಳಿಗೆಗೆ ಸಬಿನಾ ವರ್ಷವಿಡೀ ಕಾದಿದ್ದಳು. ಇದು ತಪ್ಪಿಹೋಯಿತೆಂದು ಎಷ್ಟೋ ರಾತ್ರಿ ಹಾಸಿಗೆಯಲ್ಲಿ ಹೊರಳಿದ್ದಳು. ಈಗ ಆ ಕೈ ಮೈಗೆ ತಾಗಿದೊಡನೆ ಮೈಯೆಲ್ಲ ಉರಿದುಹೋಯಿತು.

"ಕೈ ತೆಗೀರಿ ಅತ್ತೆ."

ಕಸಿಮಿರಾ ಕೈ ಹಿಂದಕ್ಕೆ ಎಳೆದುಕೊಂಡಳು.

"ಕಪ್ಪೇ ಉಟ್ಟಿದ್ದೆ ಅಂತ ನಿಮ್ಮ ಕಾಲು ಹಿಡ್ಕೊಂಡು ಹೇಳ್ದೆ. ನಂಬಲಿಲ್ಲ. ಆ ಫೋಟೋದವ್ನ ಪೆಟ್ಟಿಗೆ ಹೇಳಿದ್ಮೇಲೆ ನಂಬಿದ್ರಿ. ಹಾಗಾದ್ರೆ ಬಿಚ್ಚೋಕೂ ಆ ಪೆಟ್ಟಿಗೆಯನ್ನೇ ಕರೀರಿ."

ಸಬಿನಾ ತಾನೇ ಪಿನ್ನು ಕಿತ್ತು ಹೊದಿಕೆಯನ್ನು ನೆಲಕ್ಕೆ ಬಿಟ್ಟಳು. ಟೋಪಿ ತೆಗೆದಳು. ಸೊಂಟದ ಗಂಟು ಬಿಚ್ಚಿದಳು, ಕರಿ ಲಂಗ ಕಾಲ ಸುತ್ತ ಕುಸಿಯಿತು. ಬಿಳಿ ಒಳಲಂಗದಲ್ಲಿ ಅವಳು ನಿಂತಾಗ ನೀರಿನ ಕಡೆಯ ಗಾಳಿ ಮೂಳೆ ಕೊರೆಯುವಂತೆ ಬೀಸುತ್ತಿತ್ತು.

"ಈಗ ಊರೆಲ್ಲ ಹೇಳ್ಕೊಂಡು ಬನ್ನಿ," ಎಂದಳು. "ಸಬಿನಾ ತನ್ನ ಕಪ್ಪು ತಾನೇ ಬಿಚ್ಚಿದ್ಳು ಅಂತ. ಈ ಸಲ ಅದು ನಿಜ."

ಕಸಿಮಿರಾ ಹಸಿರು ಲಂಗವನ್ನು ಚಾಚಿದಳು. ಸಬಿನಾ ಅದನ್ನು ಮುಟ್ಟಲಿಲ್ಲ. ಡೋಲಿನವರ ಕಡೆ ತಿರುಗಿ, ಇಲಾರಿಯೋ ಹೊರಡೋ ಹೊತ್ತಾಯ್ತು, ಬಾರಿಸಿ ಎಂದಳು. ಅವರು ಯಜಮಾನನ ಮುಖ ನೋಡಿದರು, ಮುದುಕಿಯ ಮುಖ ನೋಡಿದರು, ಕೊನೆಗೆ ಬಾರಿಸಿದರು. ಅವಳು ಕುಣಿದಳು. ಜೊತೆಗೆ ಬರಲು ಯಾರಿಗೂ ಧೈರ್ಯ ಬರಲಿಲ್ಲ, ಅವಳೂ ಯಾರನ್ನೂ ಕರೆಯಲಿಲ್ಲ.