ಬಿಳಿ ಕಾರಿನ ಮುಂದಿನದು

ಅತ್ತೆಯ ಕಾರನ್ನು ಮನೆಯವರೆಲ್ಲ ಎಮ್ಮೆ ಎಂದೇ ಕರೆಯುತ್ತಿದ್ದರು. ಉದ್ದ ಮೂತಿ, ಅಗಲ ಬೆನ್ನು, ಹಾರ್ನ್ ಒತ್ತಿದರೆ ಥೇಟ್ ಎಮ್ಮೆಯದೇ ದನಿ. ಅತ್ತೆ, ಅಂದರೆ ಅಪ್ಪನ ಅಕ್ಕ, ಸಿಟಿ ಬಸ್ಸು ಓಡಿಸಿ ನಿವೃತ್ತಳಾದವಳು. ಬಸ್ಸಿನಿಂದ ಇಳಿದವಳು ನೇರವಾಗಿ ಎಮ್ಮೆ ಹತ್ತಿದ್ದಳು. ಅದನ್ನಾದರೂ ಇದ್ದ ಹಾಗೆ ಇರಲು ಬಿಟ್ಟಳೇ? ಚಾವಣಿ ತಗ್ಗಿಸಿದಳು, ಬಾಗಿಲಿನ ಹಿಡಿ ಕಿತ್ತು ಒಳಗೆ ಹುದುಗಿಸಿದಳು, ಹಿಂದಕ್ಕೆ ಟ್ರಾಕ್ಟರಿನ ದೀಪ ಹಾಕಿಸಿದಳು. ಕೆಲಸವೆಲ್ಲ ನಡೆದದ್ದು ಅವಳ ತಮ್ಮನ ಇಬ್ಬರು ಮಕ್ಕಳ ಗ್ಯಾರೇಜಿನಲ್ಲೇ. ಅಣ್ಣ ಬಣ್ಣದ ಕೆಲಸದವನು, ತಂಗಿ ವೆಲ್ಡಿಂಗಿನವಳು. ಇಬ್ಬರಿಗೂ ಮದುವೆಗಿಂತ ಮೊದಲು ಎಮ್ಮೆ ಮುಗಿಯಬೇಕಿತ್ತು. ಎಮ್ಮೆ ಮುಗಿಯುವಂಥದ್ದೇ ಅಲ್ಲ ಎಂದು ಅವರಮ್ಮ ಕೈಚೆಲ್ಲಿದ್ದಳು.

ಹೋದ ವರ್ಷ ಅತ್ತೆ ಸ್ಟೂಲಿನಿಂದ ಬಿದ್ದು ಎಡಭುಜ ಮುರಿದುಕೊಂಡಳು. ಮೂಳೆಯೇನೋ ಕೂಡಿತು, ಕೈ ಮಾತ್ರ ಎದೆಯಿಂದ ಮೇಲೆ ಏಳಲೊಲ್ಲದು. ಎಮ್ಮೆಯ ಸ್ಟೇರಿಂಗೋ, ಎರಡು ಕೈಯಲ್ಲಿ ಜಗ್ಗಿದರೂ ಮುನಿಸಿಕೊಂಡು ತಿರುಗುವಂಥದು. ಮುಂದಿನ ಎರಡು ಚಕ್ರಗಳ ನಡುವೆ ಕಬ್ಬಿಣದ ಒಂದೇ ಆಕ್ಸಲ್. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದೂ ಕುಕ್ಕುತ್ತಿತ್ತು, ಆ ಕುಕ್ಕು ನೆಟ್ಟಗೆ ಅತ್ತೆಯ ಭುಜಕ್ಕೆ ಬಂದು ಕೂರುತ್ತಿತ್ತು.

ಮನೆಯ ಓಣಿಯಲ್ಲಿ ಒಂದು ತಿರುವಿದೆ. ಒಂದು ಕಡೆ ಬೇಕರಿಯ ಗೋಡೆ, ಇನ್ನೊಂದು ಕಡೆ ಲೈಟು ಕಂಬ. ಅಲ್ಲಿ ಎಮ್ಮೆಯನ್ನು ರಿವರ್ಸ್ ತೆಗೆಯದೆ ಒಂದೇ ಬೀಸಿಗೆ ತಿರುಗಿಸುವುದು ಅತ್ತೆಯ ದೊಡ್ಡ ಜಂಬ. ಭುಜ ಮುರಿದ ಮೇಲೆ ಮೊದಲ ಸಲ ಹೋದಾಗ ಅರ್ಧದಲ್ಲೇ ಸಿಕ್ಕಿಕೊಂಡಳು. ಸ್ಕೂಟರಿನವನೊಬ್ಬ ಕಿಟಕಿಯಲ್ಲಿ ಬಗ್ಗಿ, “ಅಜ್ಜಿ, ಪಕ್ಕಕ್ಕೆ ಸರೀರಿ, ನಾನು ತೆಗೆದುಕೊಡ್ತೀನಿ” ಅಂದ.

ಅತ್ತೆ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೂತಳು.

“ಅಜ್ಜಿ ಅಂದ. ಅನ್ನಲಿ ಬಿಡು. ಸರೀರಿ ಅಂದನಲ್ಲ!”

ಮಾರನೆಯ ದಿನ, ಎಮ್ಮೆ ಮಾರುತ್ತೇನೆ ಎಂದು ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿಯೇಬಿಟ್ಟಳು. ಈ ಡಾಕ್ಟರಿಗೆ ಹಳೇ ಕಾರುಗಳ ಹುಚ್ಚು. ಕಾರು ತಂದು ಗಾಜಿನ ಮನೆಯಲ್ಲಿ ನಿಲ್ಲಿಸಿ, ಹತ್ತಿ ಬಟ್ಟೆಯಲ್ಲಿ ಒರೆಸುವುದೊಂದೇ ಅವರ ಕೆಲಸ. ಓಡಿಸುವ ಮಾತೇ ಇಲ್ಲ.

ಸುದ್ದಿ ಕೇಳಿ ತಂಗಿ ಗ್ಯಾರೇಜಿನಿಂದ ಓಡಿ ಬಂದಳು. ಅವಳು ಜೀವನದಲ್ಲಿ ಮೊದಲು ವೆಲ್ಡ್ ಮಾಡಿದ್ದೇ ಆ ಎಮ್ಮೆಯ ಬಾಗಿಲನ್ನು.

“ಅತ್ತೆ, ಅದನ್ನ ಗಾಜಿನೊಳಗೆ ಇಟ್ಟರೆ ನಾನು ಕಲ್ಲು ಹೊಡೀತೀನಿ.”

“ಹಾಗಾದ್ರೆ ನನ್ನ ಒಂದು ಕೈಗೆ ತಿರುಗೋ ಹಾಗೆ ಮಾಡಿಕೊಡು. ಡಾಕ್ಟ್ರು ಬಂದಾಗ ಅವರೆದುರಿಗೇ ಆ ತಿರುವು ತೆಗೀತೀನಿ. ಒಂದೇ ಕೈ, ರಿವರ್ಸ್ ಇಲ್ಲ. ತೆಗೆದ್ರೆ ಎಮ್ಮೆ ನಮ್ಮದು. ಇಲ್ಲಾಂದ್ರೆ ಹಗ್ಗ ಅವರ ಕೈಗೆ.”

ಅಲ್ಲಿಂದ ಶುರುವಾಯಿತು ಅಣ್ಣ ತಂಗಿಯ ಜಟಾಪಟಿ. ಆಕ್ಸಲ್ ಇರಲಿ, ಸ್ಟೇರಿಂಗಿಗೆ ಒಂದು ಮೋಟರ್ ಕೂರಿಸೋಣ ಎಂದು ತಂಗಿ. ಮೂತಿಯ ಅಡಿಯ ಚಾಸಿಯನ್ನೇ ಕತ್ತರಿಸಿ, ಬೇರೆ ಕಾರಿನ ಚಕ್ರ ಹೊರುವ ಸಸ್ಪೆನ್ಷನ್ನು ಸ್ಟೇರಿಂಗ್ ಸಮೇತ ತಂದು ಬೆಸೆಯೋಣ ಎಂದು ಅಣ್ಣ.

“ಮೋಟರ್ ಹಾಕಿದ್ರೆ ಕೈ ಹಗುರಾಗುತ್ತೆ, ಕುಕ್ಕೋದು ನಿಲ್ಲುತ್ತಾ? ಒಂದೊಂದು ಚಕ್ರ ತನ್ನ ಪಾಡಿಗೆ ತಾನು ಕುಣೀಬೇಕು. ಪಕ್ಕದವನ ಉಸಾಬರಿ ಅದಕ್ಕೆ ಇರಬಾರದು.”

“ಚಾಸಿ ಕತ್ತರಿಸೋಳು ನಾನು. ನೀನು ಮಾತು ಕತ್ತರಿಸೋನು.”

“ಅದಕ್ಕೇ ಹೇಳ್ತಿರೋದು, ನೀನಿದ್ದೀಯಲ್ಲ ಅಂತ!”

ಹೊಗಳಿಕೆಗೆ ತಂಗಿ ಸೋತಳು. ಅದು ಹೊಗಳಿಕೆ ಹೌದೋ ಅಲ್ಲವೋ ಎಂದು ಆಮೇಲೆ ಅನುಮಾನ ಬಂತು, ಅಷ್ಟು ಹೊತ್ತಿಗೆ ತಡವಾಗಿತ್ತು. ಅಣ್ಣ ಗುಜರಿಗೆ ಹೋಗಿ, ಹಿಂಭಾಗ ನಜ್ಜುಗುಜ್ಜಾದ ಒಂದು ಬಿಳಿ ಕಾರು ನೋಡಿಕೊಂಡು, ಅಳತೆಯನ್ನೂ ತೆಗೆದುಕೊಂಡು ಬಂದ. “ಎಮ್ಮೆಗೆ ಹೇಳಿ ಮಾಡಿಸಿದ ಹಾಗಿದೆ” ಅಂದ.

ತಂಗಿ ಗ್ರೈಂಡರಿನ ಗದ್ದಲದ ನಡುವೆಯೇ ಗುಜರಿ ಮಾಮನಿಗೆ ಫೋನ್ ಮಾಡಿದಳು.

“ಮಾಮ, ಆ ಬಿಳಿ ಕಾರಿನ ಮುಂದಿನದು ಬೇಕು. ಸಸ್ಪೆನ್ಷನ್ನು, ಸ್ಟೇರಿಂಗು, ಚಕ್ರ, ಎಲ್ಲಾ ಸೇರಿಸಿ ಕತ್ತರಿಸಿ ಕಳಿಸಿ.”

“ಬಿಳೀದರ ಮುಂದಿನದಾ? ಖಂಡಿತಾನಾ?”

“ಖಂಡಿತ. ಮುಂದಿನದೇ.”

ಎರಡು ದಿನ ಬಿಟ್ಟು ಗುಜರಿ ಮಾಮ ತಾನೇ ಲಾರಿಯಲ್ಲಿ ಸಾಮಾನು ತಂದ. ಟಾರ್ಪಾಲು ಸರಿಸಿದ ತಂಗಿ ಅದರ ತುದಿ ಹಿಡಿದುಕೊಂಡೇ ನಿಂತುಬಿಟ್ಟಳು. ಕಬ್ಬಿಣಕ್ಕೆ ಅಲ್ಲಲ್ಲಿ ಅಂಟಿದ್ದ ಬಣ್ಣ ನೀಲಿ.

“ಮಾಮ, ಇದು ನೀಲಿ.”

“ನೀಲೀನೇ. ಬ್ರೆಡ್ ಸಾಗಿಸ್ತಿದ್ದ ವ್ಯಾನು.”

“ನಾನು ಹೇಳಿದ್ದು ಬಿಳಿ ಕಾರಿನ ಮುಂದಿನದು!”

“ನಾನು ಕತ್ತರಿಸಿದ್ದೂ ಬಿಳಿ ಕಾರಿನ ಮುಂದಿನದೇ. ಅದರ ಮುಂದೆ ನಿಂತಿದ್ದು ಇದೇ ವ್ಯಾನು. ಬೇಕಾದ್ರೆ ಬಂದು ನೋಡು, ಜಾಗ ಈಗ ಖಾಲಿ ಇದೆ.”

ತಂಗಿ ಟಾರ್ಪಾಲು ಕೈಬಿಟ್ಟಳು. ಹಿಂದೆ ಏನೋ ಧೊಪ್ಪೆಂದಿತು. ಅಣ್ಣ ನಗು ತಡೆಯಲಾರದೆ ಟಯರುಗಳ ರಾಶಿಯ ಮೇಲೆ ಕುಸಿದಿದ್ದ. “ಮುಂದಿನದು! ಮುಂದಿನದು!” ಎನ್ನುತ್ತ ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದ.

“ನಗಬೇಡ ಕತ್ತೆ! ಮಾಮ, ಬಿಳಿ ಕಾರು ಎಲ್ಲಿ?”

“ಅದನ್ನ ನಿನ್ನೆ ಪ್ರೆಸ್ಸಿಗೆ ಹಾಕಿದೆ. ಈಗ ಇಷ್ಟಗಲ ಆಗಿದೆ.” ಮಾಮ ಎರಡೂ ಕೈಯಲ್ಲಿ ಒಂದು ಪೆಟ್ಟಿಗೆಯ ಅಳತೆ ತೋರಿಸಿದ. “ಬೇಕಾ?”

ಈಗ ತಂಗಿಯೂ ನಕ್ಕಳು. ನಗಲೋ ಅಳಲೋ ಎಂಬಲ್ಲಿ ನಗು ಒಂದು ಹೆಜ್ಜೆ ಮುಂದೆ ಬಂದಿತ್ತು, ಅಷ್ಟೇ. ಗುಜರಿ ಮಾಮನಿಗೆ ಏನೊಂದೂ ಅರ್ಥವಾಗದಿದ್ದರೂ ಮರ್ಯಾದೆಗೆಂದು ತಾನೂ ನಕ್ಕ.

ತಂದದ್ದನ್ನು, ಹಳೇ ಚಕ್ರ ಆಕ್ಸಲ್ ಬಿಚ್ಚಿಟ್ಟಿದ್ದ ಎಮ್ಮೆಯ ಕೆಳಗೆ ತಳ್ಳಿಯಾದರೂ ನೋಡೋಣ ಎಂದು ಮೂವರೂ ಕೈ ಹಾಕಿದರು. ತಂಗಿ ಮಡ್‌ಗಾರ್ಡಿನ ಪಕ್ಕ ಮಂಡಿಯೂರಿ, ಟಯರಿಗೂ ತಗಡಿಗೂ ನಡುವೆ ಬೆರಳಿಟ್ಟಳು. ಸಲೀಸಾಗಿ ಹೋಯಿತು. ಆಚೆ ಕಡೆಯೂ ಅಷ್ಟೇ. ಚಕ್ರ ಪೂರ್ತಿ ತಿರುಗಿಸಿದಳು. ಎಲ್ಲಿಯೂ ಉಜ್ಜಲಿಲ್ಲ. ಇಷ್ಟು ಚೆನ್ನಾಗಿ ಕೂತದ್ದು ನೋಡಿ ಅವಳಿಗೆ ಅನುಮಾನವೇ ಬಂತು.

“ಇದು ಬಿಳಿ ಕಾರಿಗಿಂತ ಎಷ್ಟೋ ಕಿರಿದು. ಇದು ಸರಿಯಾಗಿ ಕೂರುತ್ತೆ ಅಂದ್ರೆ ಅದು ಹೇಗೆ ಕೂರ್ತಿತ್ತು? ಅಣ್ಣ, ನೀನು ಅದನ್ನ ಎಲ್ಲಿಂದ ಎಲ್ಲಿಗೆ ಅಳೆದೆ?”

“ಟಯರಿನ ನಡುವಿಂದ ಟಯರಿನ ನಡುವಿಗೆ.”

“ಎಮ್ಮೇದು?”

ಅಣ್ಣ ಟೇಪು ಎಳೆದ, ಬಿಟ್ಟ, ಮತ್ತೆ ಎಳೆದ. “ಅದು... ಹೊರಗಿನ ಅಂಚಿನಿಂದ ಹೊರಗಿನ ಅಂಚಿಗೆ ಇರಬೇಕು.”

“ಅಂದ್ರೆ ಬಿಳೀದು ಹಾಕಿದ್ದರೆ ಚಕ್ರ ಮಡ್‌ಗಾರ್ಡಿನ ಆಚೆ ಬರ್ತಿತ್ತು.”

“ಎಮ್ಮೆಗೆ ಕಿವಿ ಬಂದ ಹಾಗೆ” ಎಂದ ಗುಜರಿ ಮಾಮ. ಅವನಿಗೆ ಈಗ ಎಲ್ಲ ಅರ್ಥವಾಗಿತ್ತು. “ನಾನು ತಪ್ಪು ತಂದಿದ್ದೇ ಸರಿಯಾಯ್ತು ಅನ್ನಿ. ಒಂದು ಟೀ ಆದ್ರೂ ಕುಡಿಸ್ರಪ್ಪ.”

ಟೀ ಕುಡಿದರು. ಆಮೇಲೆ ತಂಗಿ ಮುಖಕ್ಕೆ ಮುಸುಕು ಇಳಿಸಿ, ಗ್ಯಾಸ್ ಕಟರ್ ಹಚ್ಚಿ, ಚಾಸಿಯ ಮುಂದೆ ಕೂತಳು. ಕತ್ತರಿಸಿದರೆ ಮುಗಿಯಿತು, ವಾಪಸು ಹೋಗುವ ದಾರಿಯಿಲ್ಲ. ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.

“ನೋವಾಗದ ಹಾಗೆ” ಎಂದ ಅಣ್ಣ, ಸ್ವಲ್ಪವೂ ನಗದೆ.

ಅವಳು ಕತ್ತರಿಸಿದಳು.

ಬೆಸುಗೆ ಹಾಕಿ ಎಮ್ಮೆಯನ್ನು ನೆಲಕ್ಕಿಳಿಸಿದರೆ, ಮೂತಿ ಆಕಾಶ ನೋಡುತ್ತಿತ್ತು. ವ್ಯಾನಿನ ಸ್ಪ್ರಿಂಗು ಅಷ್ಟು ಗಡುಸು. ಅಣ್ಣ ಬಂಪರಿನ ಮೇಲೆ ಹತ್ತಿ ಕುಣಿದ. ತಂಗಿಯೂ ಹತ್ತಿದಳು. ಯಾಕೆ ಎಂದೂ ಕೇಳದೆ ಗುಜರಿ ಮಾಮನೂ ಹತ್ತಿದ. ಎಮ್ಮೆ ಜಪ್ಪಯ್ಯ ಅನ್ನಲಿಲ್ಲ. “ಬ್ರೆಡ್ಡಿಗೆ ಇಷ್ಟು ಗಟ್ಟಿ ಸ್ಪ್ರಿಂಗ್ ಯಾಕೋ, ಕಲ್ಲು ಬೇಯಿಸ್ತಿದ್ರಾ?” ಎಂದು ತಂಗಿ ಏದುಸಿರು ಬಿಟ್ಟಳು. ಆದರೆ ಕೆಲಸಕ್ಕೆಂದು ಎತ್ತಿಟ್ಟಿದ್ದ ಎಮ್ಮೆಯ ಎಂಜಿನ್ನು ಹಳೇ ಕಾಲದ ಎರಕದ ಕಬ್ಬಿಣ, ಸಾಮಾನ್ಯ ಭಾರವಲ್ಲ. ಅದನ್ನು ಸರಪಳಿಯಲ್ಲಿ ಇಳಿಸಿದ್ದೇ ತಡ, ಮೂತಿ ನಿಧಾನಕ್ಕೆ ತಗ್ಗುತ್ತ ತಗ್ಗುತ್ತ ಬಂದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಮೂವರೂ ಒಬ್ಬರನ್ನೊಬ್ಬರು ನೋಡಿ, ಸದ್ದಿಲ್ಲದೆ ಬಾಯಿ ತೆರೆದರು. ಆಮೇಲೆ ಕಿರುಚಿದರು.

ಹಿಂದಿನ ಚಕ್ರಕ್ಕೆ ಐದು ಬೋಲ್ಟು, ಮುಂದಿನದಕ್ಕೆ ನಾಲ್ಕು. ಇನ್ನು ಎರಡೆರಡು ಸ್ಟೆಪ್ನಿ ಹೊತ್ತು ತಿರುಗಬೇಕು. ತಿರುಗೋಣ ಬಿಡು ಎಂದುಕೊಂಡರು.

ಡಾಕ್ಟರು ಬೆಳ್ಳನೆಯ ಅಂಗಿ ತೊಟ್ಟು, ಹತ್ತಿ ಬಟ್ಟೆ ಮಡಚಿ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಬೇಕರಿಯ ಮೆಟ್ಟಿಲ ಬಳಿ ನಿಂತರು. ಅತ್ತೆ ಸ್ಟೇರಿಂಗ್ ಹಿಂದೆ ಕೂತು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಹಿಂದೆ ಸೀಟು ಇನ್ನೂ ಹಾಕಿರಲಿಲ್ಲ. ಅಣ್ಣ ತಂಗಿ ಖಾಲಿ ಬಣ್ಣದ ಡಬ್ಬಗಳ ಮೇಲೆ ಕೂತರು. ತಂಗಿ ಡಬ್ಬದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಅತ್ತೆ, ಸ್ಟೇರಿಂಗು ಈಗ ಹಗುರ ಇದೆ. ಮೆಲ್ಲಗೆ.”

“ನನಗೆ ಹೇಳಿಕೊಡಬೇಡ.”

ಎಮ್ಮೆ ಹೊರಟಿತು. ತಿರುವು ಬಂತು. ಅಷ್ಟು ವರ್ಷ ಹೇಗೆ ಜಗ್ಗಿದ್ದಳೋ ಹಾಗೇ, ಮೈಯ ಬಲವೆಲ್ಲ ಬಲಗೈಗೆ ತಂದು ಅತ್ತೆ ಜಗ್ಗಿದಳು. ಸ್ಟೇರಿಂಗು ಬುಗುರಿಯಂತೆ ಗಿರ್ರನೆ ಸುತ್ತಿತು. ಎಮ್ಮೆ ಕಂಬ ಬಿಟ್ಟು ಬೇಕರಿಯತ್ತ ನುಗ್ಗಿತು. ಡಾಕ್ಟರು ಎರಡು ಮೆಟ್ಟಿಲು ಒಟ್ಟಿಗೇ ಹಾರಿ, ಬನ್ನಿನ ತಟ್ಟೆಯನ್ನು ತಬ್ಬಿಕೊಂಡರು. ಅಣ್ಣ ಡಬ್ಬದಿಂದ ಉರುಳಿದ. ತಂಗಿ ಕಣ್ಣು ಮುಚ್ಚಿದಳು. ಮುಗಿಯಿತು, ಇನ್ನು ಗಾಜಿನ ಮನೆಯೇ ಗತಿ.

ಏನೂ ಗುದ್ದಲಿಲ್ಲ. ತಂಗಿ ಒಂದು ಕಣ್ಣು ತೆರೆದಳು. ಅತ್ತೆ ಸ್ಟೇರಿಂಗನ್ನು ಒಂದೇ ಬೆರಳಿನಿಂದ ಹಿಂದಕ್ಕೆ ಸವರುತ್ತಿದ್ದಳು. ಗೋಡೆ ಕಿಟಕಿಯ ಪಕ್ಕದಲ್ಲಿ ತೇಲಿಹೋಯಿತು, ಆಚೆ ಕಂಬ ತೇಲಿಹೋಯಿತು. ಗುಂಡಿಯೊಂದು ಬಂತು. ಒಂದು ಚಕ್ರ ಇಳಿದು ಎದ್ದಿತು, ಇನ್ನೊಂದಕ್ಕೆ ಅದರ ಗೊಡವೆಯೇ ಇರಲಿಲ್ಲ.

“ಅಯ್ಯೋ, ಇದೇನೇ ಇದು, ಬೆಣ್ಣೆ!” ಎಂದು ಅತ್ತೆ ಕೂಗಿದಳು.

ಡಾಕ್ಟರು ಬನ್ನು ಕೆಳಗಿಟ್ಟು ಹಿಂದೆಯೇ ಓಡಿ ಬಂದರು. ಅಂಗಿಯ ತುಂಬ ಸಕ್ಕರೆ ಪುಡಿ. “ಅಮ್ಮಾ, ನಿಲ್ಲಿಸಿ! ಕಾರು ನಿಮ್ಮದೇ, ನಾನೇನೂ ಕೇಳಲ್ಲ. ಒಂದೇ ಒಂದು ಸುತ್ತು ನನ್ನನ್ನೂ ಕರಕೊಂಡು ಹೋಗಿ!”

ಅತ್ತೆ ಪೂರ್ತಿ ನಿಲ್ಲಿಸಲಿಲ್ಲ, ನಿಧಾನ ಮಾಡಿದಳು, ಅಷ್ಟೇ. ಅಣ್ಣ ಬಾಗಿಲು ತೆರೆದು ಡಾಕ್ಟರನ್ನು ತೋಳು ಹಿಡಿದು ಒಳಗೆಳೆದುಕೊಂಡು, ಡಬ್ಬದ ಮೇಲೆ ಕೂರಿಸಿದ. ಮನೆ ಬಂತು, ಮನೆ ಹೋಯಿತು. ಗೇಟಿನಲ್ಲಿ ನಿಂತಿದ್ದ ಅಮ್ಮ ಕೈಯೆತ್ತಿ ಏನೋ ಕೂಗಿದ್ದು ಯಾರಿಗೂ ಕೇಳಲಿಲ್ಲ.

“ಎಲ್ಲಿಗೆ ಅತ್ತೆ?” ಎಂದಳು ತಂಗಿ. ಅವಳಿಗೆ ನಗುವಿನಲ್ಲಿ ಉಸಿರು ಸಿಗುತ್ತಿರಲಿಲ್ಲ.

“ಬಲಕ್ಕೆ” ಎಂದಳು ಅತ್ತೆ. “ಆಮೇಲೆ ಎಡಕ್ಕೆ. ಆಮೇಲೆ ಇನ್ನೊಂದು ಸಲ ಬಲಕ್ಕೆ.”