ಕಿಟಕಿಯ ಮದುಮಗಳು

ಊರು ತೋರಿಸುವ ಆ ಎರಡಂತಸ್ತಿನ ಬಸ್ಸಿನಲ್ಲಿ ಮಧ್ಯಾಹ್ನದ ಸುತ್ತಿನಲ್ಲಿ ಟೀ ಕೊಡುತ್ತಿದ್ದರು. ಮೇಲಿನ ಅಂತಸ್ತಿನ ಸೀಟುಗಳ ನಡುವೆ ಪುಟ್ಟ ಮೇಜುಗಳನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ತಿರುವಿನಲ್ಲಿ ಜಾರದಿರಲೆಂದು ಕಪ್ಪುಗಳಿಗೆ ಮೇಜಿನಲ್ಲೇ ಗುಂಡಿ ಕೊರೆದಿದ್ದರು. ಕೆಳಗಡೆ ಹಿಂಭಾಗದಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದಷ್ಟು ಚಿಕ್ಕ ಅಡುಗೆಮನೆ. ಅಲ್ಲಿ ಟೀ ಸೋಸಿ, ತಟ್ಟೆಗೆ ಕೇಕು, ಸ್ಯಾಂಡ್‌ವಿಚ್ಚು ಜೋಡಿಸಿ, ಒಂದು ಕೈಯಲ್ಲಿ ಕಂಬಿ ಹಿಡಿದು ಮೆಟ್ಟಿಲು ಹತ್ತುವುದು ಹೆಂಡತಿಯ ಕೆಲಸ. ಮೇಲೆ ಮೈಕು ಹಿಡಿದು ಮಾತಾಡುವುದು ಗಂಡನ ಕೆಲಸ. ಅವನನ್ನು ಎಲ್ಲರೂ ಮೈಕಣ್ಣ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಕೇಳಿದ್ದಕ್ಕೂ ಉತ್ತರ ಕೊಡದ ಮನುಷ್ಯ ಮೈಕು ಸಿಕ್ಕಿದರೆ ಅರಳು ಹುರಿದ ಹಾಗೆ ಮಾತಾಡುತ್ತಾನೆ ಎಂದು ಹೆಂಡತಿ ನಗುತ್ತಿದ್ದಳು.

ಮಾತಿನಲ್ಲಿ ಅವನು ಗಟ್ಟಿಗನೇ. ನ್ಯಾಯಾಲಯದ ಕಟ್ಟಡ ಬಂದರೆ, "ಇದರೊಳಗೆ ಅಜ್ಜ ಹೋದ್ರೆ ಮೊಮ್ಮಗ ಹೊರಗೆ ಬರ್ತಾನೆ" ಎನ್ನುತ್ತಿದ್ದ. "ಟೀ ಚೆಲ್ಲಿದ್ರೆ ಡ್ರೈವರಿನ ತಪ್ಪು, ಚೆಲ್ಲದಿದ್ರೆ ನನ್ನ ಪುಣ್ಯ" ಎನ್ನುತ್ತಿದ್ದ. ಆದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದು ಇಕ್ಕಟ್ಟು ಬೀದಿಯ ಜೋಕಿಗೆ.

ಹಳೆಯ ಮಾರುಕಟ್ಟೆಯ ಹಿಂದೆ ಆ ಬೀದಿ. ಬಸ್ಸು ಅಲ್ಲಿ ಹೊಕ್ಕರೆ ಆಮೆಯ ನಡಿಗೆ. ಮೇಲಿನ ಅಂತಸ್ತಿನಲ್ಲಿ ಕೂತವರಿಗೆ ಅಕ್ಕಪಕ್ಕದ ಮನೆಗಳ ಮಹಡಿಯ ಕಿಟಕಿಗಳು ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತವೆ. ಅಂಥದ್ದೊಂದು ಕಿಟಕಿಯ ಗಾಜಿನ ಹಿಂದೆ ದಿನವೂ ಒಬ್ಬ ಮುದುಕಿ ಕೂತಿರುತ್ತಿದ್ದಳು. ಬೆಳ್ಳನೆಯ ತಲೆಯನ್ನು ನೀಟಾಗಿ ಬಾಚಿ, ಕಿವಿಗೆ ಜೋತಾಡುವ ಓಲೆ ಹಾಕಿ, ಹೆಗಲ ಮೇಲೆ ಒಂದು ದಿನ ಕೆಂಪು, ಒಂದು ದಿನ ನೀಲಿ ಶಾಲು ಹೊದ್ದಿರುತ್ತಿದ್ದಳು. ಮೈಕಣ್ಣ ದನಿ ತಗ್ಗಿಸುತ್ತಿದ್ದ.

"ಈಗ ಎಲ್ಲರೂ ಬಲಕ್ಕೆ ತಿರುಗಿ. ನಮ್ಮ ಊರಿನ ಅತ್ಯಂತ ಹಳೇ ಮದುಮಗಳು! ಸಿಂಗಾರ ಮಾಡ್ಕೊಂಡಿರು, ಈಗ ಬಂದೆ ಅಂತ ಹೇಳಿ ಹೋದ ಹುಡುಗ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಿದ್ದಾನೆ. ಪಾಪ, ಐವತ್ತು ವರ್ಷದಿಂದ ಟ್ರಾಫಿಕ್ಕು ಬಿಟ್ಟಿಲ್ಲ. ಒಂಟಿ ಗಂಡಸರು ಯಾರಾದ್ರೂ ಇದ್ದೀರಾ? ಕೈ ಬೀಸಿ, ಮುತ್ತು ತೂರಿ, ನಿಮ್ಮ ಅದೃಷ್ಟ!"

ಬಸ್ಸಿಗೆ ಬಸ್ಸೇ ಕೈ ಬೀಸುತ್ತಿತ್ತು. ಮುದುಕಿ ಎರಡೂ ಕೈ ಎತ್ತಿ ವಾಪಸು ಬೀಸುತ್ತಿದ್ದಳು. ಅದಕ್ಕೆ ಇನ್ನೊಂದು ಸುತ್ತು ನಗು.

"ರೀ, ಅದೊಂದು ಬಿಟ್ಟುಬಿಡಿ. ವಯಸ್ಸಾದವರು," ಎಂದು ಹೆಂಡತಿ ಒಂದೆರಡು ಸಲ ಹೇಳಿದ್ದಳು.

"ಅವರಿಗೇನು ಕೇಳಿಸುತ್ತಾ? ಗಾಜಿದೆ. ನೋಡು, ಅವರೇ ಎಷ್ಟು ಖುಷಿಯಾಗಿ ಕೈ ಬೀಸ್ತಾರೆ!"

ಅವಳು ಮತ್ತೆ ಹೇಳಲಿಲ್ಲ. ಆದರೆ ಬಸ್ಸು ಆ ಬೀದಿಗೆ ಬರುವ ಹೊತ್ತಿಗೆ ಏನಾದರೂ ನೆಪ ಮಾಡಿ ಕೆಳಗಿಳಿದುಹೋಗುತ್ತಿದ್ದಳು. ಅದು ಅವನ ಗಮನಕ್ಕೆ ಬಂದಿರಲೂ ಇಲ್ಲ.

ಒಂದು ಮಧ್ಯಾಹ್ನ ಬಸ್ಸು ಹೊರಡುವ ಜಾಗಕ್ಕೆ ನಡುವಯಸ್ಸಿನ ಹೆಂಗಸೊಬ್ಬಳು ಒಬ್ಬ ವಯಸ್ಸಾದಾಕೆಯ ರಟ್ಟೆ ಹಿಡಿದು ಕರೆತಂದಳು. ಕುಳ್ಳಗಿನ ಜೀವ, ಕೈಯಲ್ಲಿ ಕೋಲು, ಮಂಡಿ ಬಗ್ಗದು. ಮೆಟ್ಟಿಲು ಹತ್ತಿಸಲು ಮೈಕಣ್ಣನೇ ಹಿಂದಿನಿಂದ ಆಸರೆ ಕೊಟ್ಟ. ಮೇಲೆ ಬಂದು ಸೀಟಿನಲ್ಲಿ ಕೂತು, ಉಸಿರು ತಿರುಗಿದ ಮೇಲೆ, ಆಕೆ ಅವನ ಮುಖ ನೋಡಿ ಬೊಚ್ಚುಬಾಯಿ ತುಂಬ ನಕ್ಕಳು.

"ನನ್ನ ಗುರುತು ಸಿಗಲಿಲ್ವಾ ಮಗಾ? ದಿನಾ ಕೈ ತೋರಿಸ್ತೀಯಲ್ಲೋ!"

ಆಗ ಅವನು ಓಲೆ ನೋಡಿದ. ಶಾಲು ನೋಡಿದ. ಅಲ್ಲಿಯವರೆಗೆ ಅವಳು ಅವನಿಗೆ ಎದೆಯಿಂದ ಮೇಲಕ್ಕೆ ಮಾತ್ರ ಇದ್ದವಳು.

"ನಮ್ಮತ್ತೆ," ಎಂದಳು ಜೊತೆಯವಳು. "ನಮ್ಮಪ್ಪನ ಅಕ್ಕ. ನಮ್ಮನ್ನೆಲ್ಲ ಸಾಕಿದ್ದು ಇವರೇ. ಇವರಿಗೆ ನಿಮ್ಮ ಬಸ್ಸು ಅಂದ್ರೆ ಪ್ರಾಣ ನೋಡಿ. ಮಧ್ಯಾಹ್ನ ನಿದ್ದೆ ಬಿಟ್ಟು ತಲೆ ಬಾಚ್ಕೊಂಡು ಕೂತ್ಕೋತಾರೆ. ಬಸ್ಸಿನವರು ಬರ್ತಾರೆ, ಹೀಗೇ ಇರಕ್ಕಾಗುತ್ತೇನೇ ಅಂತಾರೆ. ಒಂದು ಸಲ ಹತ್ತಿಸೋಣ ಅಂತ ಕರ್ಕೊಂಡು ಬಂದೆ."

"ನೀನು ಏನು ಹೇಳ್ತೀಯಾ ಅಂತ ಕೇಳ್ಬೇಕು ಅಂತಲೇ ಬಂದಿದ್ದು," ಎಂದಳು ಮುದುಕಿ. ಕಿವಿಯ ಹಿಂದಿನ ಪುಟ್ಟ ಯಂತ್ರವನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಮನೇಲಿ ಇದನ್ನ ಹಾಕೋದೇ ಇಲ್ಲ, ಕಚಪಿಚ ಅನ್ನುತ್ತೆ. ಇವತ್ತು ಹಾಕ್ಕೊಂಡಿದ್ದೀನಿ. ಏನು ಹೇಳ್ತೀಯಪ್ಪಾ ನನ್ನ ಬಗ್ಗೆ? ಅಷ್ಟು ಜನ ಅಷ್ಟು ಪ್ರೀತಿಯಿಂದ ತಿರುಗಿ ನೋಡ್ತಾರೆ?"

"ಏನಿಲ್ಲ ಅಮ್ಮ... ಅಜ್ಜಿಗೆ ನಮಸ್ಕಾರ ಹೇಳಿ ಅಂತೀನಿ," ಎಂದ ಮೈಕಣ್ಣ.

"ನೋಡ್ದೇನೇ? ನಾನು ಹೇಳ್ಲಿಲ್ವಾ?" ಎಂದು ಅವಳು ಸೊಸೆಯ ತೊಡೆ ತಟ್ಟಿದಳು.

ಅಲ್ಲೇ ಮೆಟ್ಟಿಲಿನ ತುದಿಯಲ್ಲಿ ಟ್ರೇ ಹಿಡಿದು ನಿಂತಿದ್ದ ಹೆಂಡತಿ ಅವನನ್ನು ಒಂದು ಸಲ ನೋಡಿದಳು. ಅವನು ಮೈಕಿನ ವೈರು ಬಿಡಿಸುವವನಂತೆ ಬಗ್ಗಿದ.

ಬಸ್ಸು ಹೊರಟಿತು. ಮುದುಕಿ ಮಕ್ಕಳಂತೆ ಎಲ್ಲಕ್ಕೂ ಬೆರಗಾದಳು. ಟೀ ಕಪ್ಪು ಮೇಜಿನ ಗುಂಡಿಯಲ್ಲಿ ಕೂರುವುದು ನೋಡಿ ಎತ್ತಿ ಎತ್ತಿ ಇಟ್ಟಳು. ಕೇಕಿನ ಚೂರೊಂದನ್ನು ಮುಂದಿನ ಸೀಟಿನ ಮಗುವಿಗೆ ಕೊಟ್ಟಳು. ಮೈಕಣ್ಣನ ಪ್ರತಿ ಜೋಕಿಗೂ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕಳು. ಅವನು ಮಾತಾಡುತ್ತಲೇ ಒಳಗೊಳಗೆ ಲೆಕ್ಕ ಹಾಕುತ್ತಿದ್ದ. ಇವತ್ತಿನ ಜನ ಹೊಸಬರು, ಯಾರಿಗೂ ಏನೂ ಗೊತ್ತಿಲ್ಲ. ಆ ಬೀದಿ ಬಂದಾಗ ನಾಲ್ಕು ಒಳ್ಳೆಯ ಮಾತು ಹೇಳಿಬಿಟ್ಟರೆ ಆಯಿತು. ನಾಳೆಯಿಂದ ಜೋಕು ಬಿಟ್ಟರಾಯಿತು. ಹೀಗೆಂದುಕೊಂಡ ಮೇಲೆ ಅವನ ದನಿಗೆ ಹುರುಪು ಕೂಡ ಬಂತು.

ಹಿಂದಿನ ಸಾಲಿನಲ್ಲಿ ಬಟ್ಟೆ ಅಂಗಡಿಯ ಸಾಹುಕಾರರು ಕೂತಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಪರಊರಿನ ನೆಂಟರು ಬಂದಾಗಲೆಲ್ಲ ಅವರು ಈ ಬಸ್ಸು ಹತ್ತಿಸುತ್ತಿದ್ದರು. ಆವತ್ತು ಕೊನೆಯ ಗಳಿಗೆಯಲ್ಲಿ ಓಡಿ ಬಂದು ಹತ್ತಿದವರು.

ಬಸ್ಸು ಇಕ್ಕಟ್ಟು ಬೀದಿಗೆ ತಿರುಗಿತು. ಹೆಂಡತಿ ಈ ಸಲ ಕೆಳಗಿಳಿಯಲಿಲ್ಲ. ಮೈಕಣ್ಣ ಗಂಟಲು ಸರಿಮಾಡಿಕೊಂಡ.

"ಬಲಗಡೆ ಆ ಕಿಟಕಿ ನೋಡಿ. ಅಲ್ಲಿ ನಮ್ಮ ಬಸ್ಸಿಗೆ ತುಂಬ ಬೇಕಾದವರೊಬ್ಬರು ಇರ್ತಾರೆ..."

"ಏನಪ್ಪಾ ಮೈಕಣ್ಣ!" ಹಿಂದಿನಿಂದ ಸಾಹುಕಾರರು ಎದ್ದು ನಿಂತರು. "ಕುರ್ಚಿ ಖಾಲಿ ಇದೆಯಲ್ಲೋ! ಎಲ್ಲಿ ನಿನ್ನ ಮದುಮಗಳು? ಟ್ರಾಫಿಕ್ಕು ಕ್ಲಿಯರ್ ಆಯ್ತಾ ಕೊನೆಗೂ? ಹುಡುಗ ಬಂದು ಎತ್ತಾಕ್ಕೊಂಡು ಹೋದ್ನಾ?" ಅಷ್ಟಕ್ಕೇ ಬಿಡದೆ ನೆಂಟರ ಕಡೆ ತಿರುಗಿ, ಮೈಕಣ್ಣನದೇ ಧಾಟಿಯಲ್ಲಿ, ಸಿಂಗಾರದಿಂದ ಹಿಡಿದು ಮುತ್ತು ತೂರುವವರೆಗೆ ಒಂದು ಅಕ್ಷರ ಬಿಡದೆ ಹೇಳಿದರು. "ಎಂಬತ್ತು ದಾಟಿದ ಮುದುಕಿ ಕಣ್ರಯ್ಯಾ, ದಿನಾ ಓಲೆ ಹಾಕ್ಕೊಂಡು ಕೂತಿರುತ್ತೆ! ಇವನು ಹೇಳಿದ್ರೇನೇ ಚೆಂದ."

ಬಸ್ಸು ಗೊಳ್ಳೆಂದು ನಕ್ಕಿತು. ಮೈಕಣ್ಣನೂ ನಕ್ಕ. ನಗಬೇಕೆಂದು ನಕ್ಕದ್ದಲ್ಲ. ಎಷ್ಟೋ ವರ್ಷಗಳಿಂದ ಆ ಮಾತಿನ ಹಿಂದೆಯೇ ಬರುತ್ತಿದ್ದ ನಗು ಆವತ್ತೂ ಬಂದುಬಿಟ್ಟಿತು. ಬಾಯಿಯ ಹತ್ತಿರ ಮೈಕು ಇತ್ತು. ಅವನ ನಗು ಬಸ್ಸಿನ ಎಲ್ಲ ಸ್ಪೀಕರುಗಳಲ್ಲೂ ಕೇಳಿಸಿತು.

ಮುದುಕಿ ಎಂದಿನಂತೆ ಒಂದು ಗಳಿಗೆ ತಡವಾಗಿ ನಗಲು ಬಾಯಿ ತೆರೆದಳು. ಆಮೇಲೆ ಮುಚ್ಚಿದಳು.

"ದಿನಾ ಇದೇನಾ?" ಎಂದು ಸೊಸೆಯನ್ನು ಕೇಳಿದಳು.

ಸೊಸೆ ಮೈಕಣ್ಣನನ್ನೇ ನೋಡುತ್ತಿದ್ದಳು. ಅವನು ಬೈಗುಳಕ್ಕೆ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮುದುಕಿಗೆ ಸಿಟ್ಟು ಬಂದಿರಲಿಲ್ಲ, ನಾಚಿಕೆಯಾಗಿತ್ತು. ಸುಕ್ಕುಗಟ್ಟಿದ ಕತ್ತು ಕೆಂಪಗಾಗಿತ್ತು. ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಅದರೊಳಗೇ ತಡಕಾಡಿ ಒಂದು ಓಲೆ ಬಿಚ್ಚಿದಳು. ಇನ್ನೊಂದರ ತಿರುಪು ಬರಲಿಲ್ಲ.

"ಇಳಿದುಬಿಡೋಣ ಕಣೇ," ಎಂದಳು ಮೆಲ್ಲಗೆ. "ಮನೆ ಇಲ್ಲೇ ಇದೆಯಲ್ಲ."

ಇಳಿಯುವಂತಿರಲಿಲ್ಲ. ಆ ಬೀದಿಯಲ್ಲಿ ಬಾಗಿಲು ತೆರೆದರೆ ಗೋಡೆಗೆ ತಾಗುತ್ತದೆ. ಆಮೇಲಿನದು ದೊಡ್ಡ ರಸ್ತೆ, ಸೇತುವೆ, ಎಲ್ಲೂ ನಿಲ್ಲಿಸುವ ಹಾಗಿಲ್ಲ. ಸುತ್ತು ಮುಗಿಯುವವರೆಗೆ ಕೂತಿರಲೇಬೇಕು. ಹೆಂಡತಿ ಟ್ರೇಯನ್ನು ಖಾಲಿ ಸೀಟಿನ ಮೇಲಿಟ್ಟು, ಮುದುಕಿಯ ಪಕ್ಕ ಮಂಡಿಯೂರಿ ಕೂತು, ಸಿಕ್ಕಿಕೊಂಡಿದ್ದ ಓಲೆಯ ತಿರುಪು ಬಿಡಿಸಿ ಅವಳ ಅಂಗೈಯಲ್ಲಿಟ್ಟಳು. ಮೈಕಣ್ಣ ಮುಂದೆ ಮಾತಾಡಬೇಕಿತ್ತು. ಜನ ಕಾಯುತ್ತಿದ್ದರು. ಅವನು ಸೇತುವೆಯ ಉದ್ದ ಹೇಳಿದ, ಕಟ್ಟಿದ ವರ್ಷ ಹೇಳಿದ. ಒಂದು ಜೋಕೂ ನಾಲಿಗೆಗೆ ಬರಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೆ ಎನಿಸುತ್ತಿತ್ತು. ಅವನು ನಿಂತದ್ದೋ ನೆಲದಿಂದ ಒಂದಾಳೆತ್ತರ ಮೇಲೆ, ಎಲ್ಲರಿಗೂ ಕಾಣುವ ಹಾಗೆ.

ಇಳಿಯುವಾಗ ಆಸರೆಗೆಂದು ಕೈ ನೀಡಿದ. ಸೊಸೆ ಅವನ ಕೈ ಸರಿಸಿ, ಅವನ ಹೆಂಡತಿಯ ಕೈ ಹಿಡಿದುಕೊಂಡಳು. ಮುದುಕಿ ಮಾತ್ರ ಕೊನೆಯ ಮೆಟ್ಟಿಲಿನಲ್ಲಿ ತಿರುಗಿ, "ಟೀ ಚೆನ್ನಾಗಿತ್ತಪ್ಪಾ" ಎಂದಳು.

ಆ ಸಂಜೆ ಮನೆಯ ಬಾಗಿಲ ಬೀಗ ತೆಗೆಯುತ್ತಾ ಅವನೇ ಹೆಂಡತಿಗೆ ಹೇಳಿದ, "ನಾಳಿದ್ದು ರಜೆ. ಹೋಗಿ ಕ್ಷಮೆ ಕೇಳ್ತೀನಿ."

"ಹೋಗಿ. ಆದ್ರೆ ಅಲ್ಲಿ ಭಾಷಣ ಮಾಡ್ಬೇಡಿ," ಎಂದಳು ಅವಳು. "ನೀವು ಮಾತಾಡಿದ್ರೆ ಅದೂ ಚೆನ್ನಾಗೇ ಬಂದುಬಿಡುತ್ತೆ."

ರಜೆಯ ದಿನ ಆ ಮನೆಯ ಮಹಡಿ ಹತ್ತಿ ಹೋದ. ಸೊಸೆ ಬಾಗಿಲು ತೆರೆದು, ಮುಚ್ಚಲೆಂದು ಅರ್ಧ ಎಳೆದಳು. ಬಾಗಿಲ ಬೆಳಕು ಕಂಡಿತೇನೋ, ಒಳಗಿನಿಂದ ಅತ್ತೆಯ ದನಿ ಬಂತು: "ಯಾರೇ ಅದು? ಬಿಡೇ ಒಳಗೆ."

ಮುದುಕಿ ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಬೀದಿಯ ಕಡೆಯ ಕಿಟಕಿಯ ಹತ್ತಿರವಿದ್ದ ಕುರ್ಚಿಯನ್ನೇ ಅಲ್ಲಿಗೆ ತಂದು ಹಾಕಿದ್ದರು. ಎದುರಿಗೆ ಬಟ್ಟೆ ಒಣಗಿಸುವ ಹಗ್ಗ, ಅದರಾಚೆ ಪಕ್ಕದ ಮನೆಯ ಗೋಡೆ. ತಲೆ ಬಾಚಿರಲಿಲ್ಲ. ಕಿವಿಯ ಯಂತ್ರವೂ ಇರಲಿಲ್ಲ. ಮೈಕಣ್ಣ ಕ್ಷಮೆ ಕೇಳಲು ಗಟ್ಟಿಯಾಗಿ ಕೂಗಿಯೇ ಹೇಳಬೇಕಾಯಿತು.

"ತಪ್ಪಾಯ್ತಮ್ಮಾ!"

"ಆಂ?"

"ತಪ್ಪಾಯ್ತು! ನನ್ನದು ತಪ್ಪಾಯ್ತು!"

ಪಕ್ಕದ ಮನೆಯಲ್ಲಿ ಯಾರೋ ಕಿಟಕಿ ತೆರೆದು ಇಣುಕಿದರು.

"ಬಿಡಪ್ಪಾ," ಎಂದಳು ಮುದುಕಿ. "ನಂದೂ ಅತಿಯಾಯ್ತು. ಈ ವಯಸ್ಸಲ್ಲಿ ಓಲೆ ಗೀಲೆ ಎಲ್ಲ ಯಾಕೆ ಬೇಕಿತ್ತು?"

"ಹಾಗನ್ಬೇಡಿ ಅಮ್ಮ. ನೀವು ಅಲ್ಲೇ ಕೂತ್ಕೋಬೇಕು, ಮುಂಚಿನ ಹಾಗೆ. ನಾನಿನ್ನು ಯಾವತ್ತೂ..."

"ಕೂತ್ರೆ ಏನು ಹೇಳ್ತೀಯಾ?"

ಅವಳು ಕುತ್ತಿಗೆ ಚಾಚಿ, ಅವನ ತುಟಿಯನ್ನೇ ನೋಡುತ್ತಾ ಕೇಳಿದಳು. ಅವಳ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು. ಮೈಕಣ್ಣ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅವಳ ಹೆಸರೂ ತನಗೆ ಗೊತ್ತಿಲ್ಲ ಎಂಬುದು ಆಗ ಹೊಳೆಯಿತು.

ಅಷ್ಟರಲ್ಲಿ ಬೀದಿಯ ಕಡೆಯಿಂದ ಗುರುಗುಟ್ಟುವ ಸದ್ದು ಬಂದು, ಮನೆಯ ಪಾತ್ರೆಗಳು ಸಣ್ಣಗೆ ನಡುಗಿದವು. ಬಸ್ಸು. ಅವನ ರಜೆಯ ದಿನ ಇನ್ನೊಬ್ಬ ಗೈಡು ಬರುತ್ತಿದ್ದ; ಕೆಲಸಕ್ಕೆ ಸೇರಿದಾಗ ಅವನನ್ನು ಪಳಗಿಸಿದ್ದು ಮೈಕಣ್ಣನೇ. ತಡೆಯಲಾರದೆ ಅವನು ಮುಂದಿನ ಕೋಣೆಗೆ ಹೋಗಿ ಕಿಟಕಿಯಲ್ಲಿ ನಿಂತ. ಗಾಜಿನಾಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಮೇಜು, ಕಪ್ಪು, ಕೇಕಿನ ತಟ್ಟೆ, ಮುಖಗಳು ಜಾರಿ ಬಂದವು. ಆ ಗೈಡು ಮೈಕು ಹಿಡಿದು ಕಿಟಕಿಯ ಕಡೆ ಕೈ ತೋರಿಸುತ್ತಿದ್ದ. ಮುದುಕಿಯ ಜಾಗದಲ್ಲಿ ಗಂಡಸು ನಿಂತದ್ದು ಕಂಡರೂ ಅವನು ಮಾತು ನಿಲ್ಲಿಸಲಿಲ್ಲ. ಗುರುತು ಹಿಡಿದು ಕಣ್ಣು ಹೊಡೆದು, ಇನ್ನೇನನ್ನೋ ಸೇರಿಸಿದ. ಹುಡುಗ ಕೊನೆಗೂ ಬಂದ ಎಂದಿರಬೇಕು. ಬಸ್ಸು ಪೂರ್ತಿ ಮೈಕಣ್ಣನ ಕಡೆ ತಿರುಗಿತು. ಎಲ್ಲರ ಮುಖದಲ್ಲೂ ನಗು. ಕೈ ಬೀಸಿದರು, ಮುತ್ತು ತೂರಿದರು. ಮಗುವೊಂದು ಎರಡೂ ಕೈ ಎತ್ತಿ ಕುಣಿಯಿತು. ಒಂದು ಮಾತೂ ಕೇಳಿಸಲಿಲ್ಲ. ಗೊತ್ತಿಲ್ಲದವರು ನೋಡಿದರೆ ಯಾರೋ ತುಂಬ ಬೇಕಾದವರನ್ನು ಊರೇ ಬೀಳ್ಕೊಡುತ್ತಿದೆ ಎನ್ನಬೇಕು, ಹಾಗಿತ್ತು.

"ಹೋಯ್ತಾ?" ಎಂದು ಮುದುಕಿ ಒಳಗಿನಿಂದ ಕೇಳಿದಳು.

"ಹೋಯ್ತಮ್ಮ," ಎಂದ. ಅವಳಿಗೆ ಕೇಳಿಸಲಿಲ್ಲ.

ಮರುದಿನ ಮೈಕಣ್ಣ ಆ ಗೈಡಿಗೆ ಜೋಕು ನಿಲ್ಲಿಸಲು ಹೇಳಿದ. "ನೀನೇ ಕಲಿಸಿದ್ದಲ್ವಾ ಅಣ್ಣ?" ಎಂದ ಅವನು. ನಿಲ್ಲಿಸಿದ ನಿಜ, ಆದರೆ ತಿಂಗಳಾನುಗಟ್ಟಲೆ ಯಾರಾದರೊಬ್ಬರು ಮದುಮಗಳು ಎಲ್ಲಿ ಎಂದು ಕೇಳುತ್ತಲೇ ಇದ್ದರು. ಇಕ್ಕಟ್ಟು ಬೀದಿಯಲ್ಲಿ ಮೈಕಣ್ಣ ಈಗ ಏನೂ ಹೇಳುವುದಿಲ್ಲ. ಜನ ಮೈಕು ಕೆಟ್ಟಿತೆಂದುಕೊಳ್ಳುತ್ತಾರೆ. ಕಿಟಕಿಗೆ ದಪ್ಪ ಪರದೆ ಬಂದಿದೆ.

ಹೆಂಡತಿ ಮಾತ್ರ ಆಗಾಗ ಆ ಮನೆಗೆ ಹೋಗಿಬರುತ್ತಾಳೆ. ಅಲ್ಲಿ ಬಸ್ಸಿನ ಮಾತು ಎತ್ತುವುದಿಲ್ಲವಂತೆ. ಮಂಡಿನೋವು, ಸೊಸೆಯ ಮಗಳ ಓದು, ತರಕಾರಿಯ ಬೆಲೆ, ಇಂಥವೇ. ಅವನಾಗಿ ಏನೂ ಕೇಳುವುದಿಲ್ಲ. ಕಳೆದ ವಾರ ಅವಳೇ, ಒಗೆದ ಬಟ್ಟೆ ಮಡಿಸುತ್ತಾ, ಹೇಳಿದಳು.

"ನಿಮ್ಮನ್ನ ಕೇಳಿದ್ರು. ಆ ಹುಡುಗ ಹೇಗಿದ್ದಾನೆ, ಊಟ ಗೀಟ ಸರಿಯಾಗಿ ಮಾಡ್ತಾನಾ ಅಂತ."

"ನೀನೇನಂದೆ?"

"ಮಾಡ್ತಾರೆ ಅಂದೆ."

ಮೈಕಣ್ಣ ತಲೆ ತಗ್ಗಿಸಿ, ಅವಳ ಪಕ್ಕ ಕೂತು, ಉಳಿದ ಬಟ್ಟೆಗಳನ್ನು ಮಡಿಸತೊಡಗಿದ.